ನಗರದ ಸಂಚಾರದಲ್ಲಿ ಸಣ್ಣ ಕಾರಿನ ಇಂಧನ ಉಳಿಸುವ ಬಗೆ: ಯಾವುದು ಮೊದಲು, ಯಾವುದು ನಂತರ

ಮೈಲೇಜ್ ಹೆಚ್ಚಿಸಿಕೊಳ್ಳುವ ಸಲಹೆಗಳಿಗೆ ಬರವಿಲ್ಲ. ಆದರೂ ಬಹಳ ಮಂದಿ ಸ್ವಲ್ಪ ದಿನ ಪಾಲಿಸಿ, ಏನೂ ವ್ಯತ್ಯಾಸ ಕಾಣದೆ ಕೈಬಿಡುತ್ತಾರೆ. ಅವರು ಎಡವುವುದು ಸಾಮಾನ್ಯವಾಗಿ ಕ್ರಮದಲ್ಲಿ. ಒಂದು ಚಕ್ರದ ಬ್ರೇಕ್ ಸದಾ ಹಿಡಿದುಕೊಂಡೇ ಇರುವ ಕಾರನ್ನು ಎಷ್ಟು ನಾಜೂಕಾಗಿ ಓಡಿಸಿದರೂ ಲೆಕ್ಕ ಮೇಲೇರುವುದಿಲ್ಲ. ಟಯರಿನ ಗಾಳಿ, ಎ.ಸಿ., ಗೇರ್ ಬದಲಿಸುವ ರೀತಿ, ಎಂಜಿನ್ ಆಯಿಲ್ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿದವರಿಗೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಅಳೆಯದೆ ಹೊರಟವರಿಗಂತೂ ಏನಾದರೂ ಆಯಿತೇ ಎಂಬುದೇ ತಿಳಿಯುವುದಿಲ್ಲ.

ಆದ್ದರಿಂದ ಮೊದಲು ಅಳತೆ, ಆಮೇಲೆ ಕಾರು, ಕೊನೆಗೆ ಚಾಲನೆ. ಒಂದು ಟ್ಯಾಂಕಿಗೆ ಒಂದೇ ಬದಲಾವಣೆ. ಇಲ್ಲಿನ ಅಂಕಿಗಳು ಸುಮಾರು ಒಂದು ಟನ್ ತೂಕದ ಪೆಟ್ರೋಲ್ ಕಾರಿಗೆ ಹೊಂದುತ್ತವೆ. ಡೀಸೆಲ್ ಆದರೆ ಎಂಜಿನ್ ವೇಗದ ಅಂಕಿಗಳು ಬದಲಾಗುತ್ತವೆ, ಹಂತಗಳು ಅವೇ.

## ಬೇಕಾಗುವ ಸಾಮಾನು

ಟಯರಿನ ಒತ್ತಡ ಅಳೆಯುವ ಸ್ವಂತ ಗೇಜ್, ಕಾರಿನ ಜೊತೆ ಬಂದ ಕೈಪಿಡಿ, ಬರೆದಿಡಲು ಒಂದು ಪುಸ್ತಕ ಅಥವಾ ಮೊಬೈಲ್. ಇಷ್ಟು ಸಾಕು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಎಂಜಿನ್ನಿನ ಮಾಹಿತಿ ಓದುವ ಓಬಿಡಿ ಸಾಧನ ಇದ್ದರೆ ನಾಲ್ಕನೇ ಹಂತದಲ್ಲಿ ನೆರವಾಗುತ್ತದೆ. ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ.

ಗೇಜ್ ಸ್ವಂತದ್ದೇ ಇರಲಿ ಎನ್ನುವುದಕ್ಕೆ ಕಾರಣವಿದೆ. ಟಯರನ್ನು ತಣ್ಣಗಿರುವಾಗ ಅಳೆಯಬೇಕು; ಗಾಳಿ ತುಂಬಿಸುವ ಜಾಗಕ್ಕೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಅದು ಬಿಸಿಯಾಗಿರುತ್ತದೆ.

## ಹಂತ 1: ನಿಜವಾದ ಅಳತೆ ಹಿಡಿಯಿರಿ

1. ಟ್ಯಾಂಕ್ ತುಂಬಿಸಿ. ಪಂಪಿನ ನಳಿಕೆ ಮೊದಲ ಬಾರಿ ತಾನಾಗಿ ನಿಂತ ಕೂಡಲೇ ಸಾಕು ಅನ್ನಿ. ಟ್ರಿಪ್ ಮೀಟರನ್ನು ಸೊನ್ನೆ ಮಾಡಿ.

2. ಟ್ಯಾಂಕ್ ಕಾಲುಭಾಗಕ್ಕೆ ಇಳಿಯುವವರೆಗೆ ಎಂದಿನಂತೆ ಓಡಿಸಿ. ಈ ಟ್ಯಾಂಕಿನಲ್ಲಿ ಏನನ್ನೂ ಸುಧಾರಿಸಲು ಹೋಗಬೇಡಿ.

3. ಅದೇ ಪಂಪಿನಲ್ಲಿ, ಕಾರನ್ನು ಅದೇ ದಿಕ್ಕಿಗೆ ನಿಲ್ಲಿಸಿ, ಮತ್ತೆ ಮೊದಲ ನಿಲುಗಡೆಯವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ತುಂಬಿದ ಲೀಟರಿನಿಂದ ಭಾಗಿಸಿ. 420 ಕಿ.ಮೀ. ಓಡಿ 28 ಲೀಟರ್ ಹಿಡಿದರೆ ಲೀಟರಿಗೆ 15 ಕಿ.ಮೀ.

4. ಪಕ್ಕದಲ್ಲಿ ಸರಾಸರಿ ವೇಗವನ್ನೂ ಬರೆಯಿರಿ. ಹಲವು ಕಾರುಗಳ ಪರದೆಯಲ್ಲಿ ಅದು ಸಿಗುತ್ತದೆ.

ಈ ನಾಲ್ಕನೆಯದನ್ನು ಬಹುಪಾಲು ಜನ ಬಿಟ್ಟುಬಿಡುತ್ತಾರೆ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಸಣ್ಣ ಎಂಜಿನ್ ಸುಮ್ಮನೆ ಚಾಲೂ ಇದ್ದರೂ ಗಂಟೆಗೆ ಅಂದಾಜು 0.6 ಲೀಟರ್ ಕುಡಿಯುತ್ತದೆ, ಅಂದರೆ ನಿಮಿಷಕ್ಕೆ 10 ಮಿಲಿ. ಸರಾಸರಿ ವೇಗ ಗಂಟೆಗೆ 12 ಕಿ.ಮೀ. ಆದರೆ ಒಂದು ಕಿಲೋಮೀಟರಿಗೆ ಐದು ನಿಮಿಷ ಬೇಕು: ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲಿಕ್ಕೇ 50 ಮಿಲಿ ಹೋಯಿತು. ಸರಾಸರಿ 24 ಆದರೆ ಅದೇ ಬಾಬ್ತಿಗೆ 25 ಮಿಲಿ. ಚಾಲಕ ಅವನೇ, ಕಾರು ಅದೇ, ರಸ್ತೆ ಮಾತ್ರ ಬೇರೆ. ಸರಾಸರಿ ವೇಗ ನೋಡದೆ ಎರಡು ಟ್ಯಾಂಕುಗಳನ್ನು ಹೋಲಿಸಿದರೆ ನಿಮ್ಮ ಶ್ರಮದ ಬದಲು ರಸ್ತೆಯ ದಟ್ಟಣೆಯನ್ನು ಅಳೆದಂತಾಗುತ್ತದೆ.

ಸಾಮಾನ್ಯ ತಪ್ಪುಗಳು ಇವು. ಐದು ಲೀಟರ್ ಹಾಕಿಸಿ ಲೆಕ್ಕ ಮಾಡುವುದು: ನಳಿಕೆ ನಿಲ್ಲುವ ಮಟ್ಟದಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೂ ಐದು ಲೀಟರಿನಲ್ಲಿ ಅದು ಶೇ 10ರ ದೋಷ. ನಳಿಕೆ ನಿಂತ ಮೇಲೂ ಕುತ್ತಿಗೆವರೆಗೆ ತುಂಬಿಸುವುದು: ಲೆಕ್ಕವೂ ಕೆಡುತ್ತದೆ, ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲ ಡಬ್ಬಿಗೆ ದ್ರವ ನುಗ್ಗಿ ಅದೂ ಹಾಳಾಗಬಹುದು. ಪರದೆ ತೋರಿಸುವ ಮೈಲೇಜನ್ನೇ ನಂಬುವುದು: ಅನೇಕ ಕಾರುಗಳಲ್ಲಿ ಅದು ತುಸು ಉದಾರಿ. ಆ ಕ್ಷಣದ ಏರಿಳಿತ ಅರಿಯಲು ಅದು ಚೆನ್ನಾಗಿದೆ, ಒಟ್ಟು ಲೆಕ್ಕಕ್ಕೆ ಬೇಡ. ಎಥೆನಾಲ್ ಬೆರೆತ ಪ್ರಮಾಣ ಬೇರೆಬೇರೆಯಾದ ಇಂಧನಗಳನ್ನು ಹೋಲಿಸುವುದು ಇನ್ನೊಂದು. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಶೇ 10 ಬೆರೆತರೆ ಮೈಲೇಜ್ ಅಂದಾಜು ಶೇ 3 ಇಳಿಯುತ್ತದೆ.

ಶೇ 5ಕ್ಕಿಂತ ಕಡಿಮೆ ವ್ಯತ್ಯಾಸವನ್ನು ಒಂದೇ ಟ್ಯಾಂಕಿನಲ್ಲಿ ನಂಬಬೇಡಿ. ಎರಡು ಮೂರು ಟ್ಯಾಂಕಿನ ಸರಾಸರಿ ತೆಗೆಯಿರಿ.

ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಲೆಕ್ಕದಲ್ಲೇ ಒಂದು ಮೋಸವಿದೆ. 10ರಿಂದ 12ಕ್ಕೆ ಏರಿದರೂ 18ರಿಂದ 20ಕ್ಕೆ ಏರಿದರೂ ಎರಡೇ ಕಿಲೋಮೀಟರ್ ಅನ್ನಿಸುತ್ತದೆ. ಆದರೆ ನೂರು ಕಿಲೋಮೀಟರಿಗೆ ಮೊದಲನೆಯದು 1.67 ಲೀಟರ್ ಉಳಿಸುತ್ತದೆ, ಎರಡನೆಯದು 0.56 ಲೀಟರ್ ಮಾತ್ರ. ಮೈಲೇಜ್ ತೀರಾ ಕೆಳಗಿರುವವರಿಗೆ ಈ ಶ್ರಮ ಹೆಚ್ಚು ದಕ್ಕುತ್ತದೆ. ಈಗಾಗಲೇ 20ರ ಆಸುಪಾಸಿನಲ್ಲಿ ಇರುವವರು ಎರಡನೇ ಹಂತ ಮುಗಿಸಿ ನೇರ ಐದಕ್ಕೆ ಹೋದರೂ ನಷ್ಟವಿಲ್ಲ.

## ಹಂತ 2: ಟಯರಿನ ಗಾಳಿ

1. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಕಾರುಗಳಲ್ಲಿ ಇಂಧನ ಮುಚ್ಚಳದ ಒಳಗೆ, ಒತ್ತಡದ ಪಟ್ಟಿ ಅಂಟಿಸಿರುತ್ತದೆ. ಸಣ್ಣ ಕಾರುಗಳಿಗೆ ಅದು ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ (ಟಯರಿನ ಗಾಳಿಯ ಒತ್ತಡ ಅಳೆಯುವ ಮಾನ) ಒಳಗೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ, ಒಬ್ಬರೇ ಇರುವಾಗ ಮತ್ತು ಕಾರು ತುಂಬಿರುವಾಗ ಬೇರೆಬೇರೆ ಅಂಕಿ ಇರಬಹುದು. ಸರಿಯಾಗಿ ಓದಿ.

2. ಕಾರು ಕನಿಷ್ಠ ಮೂರು ಗಂಟೆ ನಿಂತಿರುವಾಗ, ಬಿಸಿಲು ತಾಗುವ ಮುಂಚೆ ಅಳೆಯಿರಿ.

3. ಕಡಿಮೆ ಇದ್ದರೆ ಎಷ್ಟು ಕಡಿಮೆ ಎಂದು ಬರೆದುಕೊಂಡು ಹೋಗಿ. ತಣ್ಣಗಿದ್ದಾಗ 4 ಪಿಎಸ್‌ಐ ಕೊರತೆಯಿದ್ದರೆ, ಅಲ್ಲಿ ಬಿಸಿ ಟಯರಿನ ಗೇಜ್ ಏನೇ ತೋರಿಸಲಿ, ಅದಕ್ಕೆ 4 ಸೇರಿಸಿ. ಮರುದಿನ ಬೆಳಿಗ್ಗೆ ಮತ್ತೆ ನೋಡಿ ತಿದ್ದಿ.

4. ತಿಂಗಳಿಗೊಮ್ಮೆಯಾದರೂ ಇದು ನಡೆಯಬೇಕು. ತೂತಿಲ್ಲದ ಟಯರ್ ಕೂಡ ತಿಂಗಳಿಗೆ ಸುಮಾರು 1 ಪಿಎಸ್‌ಐ ಕಳೆದುಕೊಳ್ಳುತ್ತದೆ. ಹವೆ 5–6 ಡಿಗ್ರಿ ತಂಪಾದರೆ ಇನ್ನೊಂದು ಪಿಎಸ್‌ಐ ಇಳಿಯುತ್ತದೆ.

ಟಯರಿನ ಪಕ್ಕದಲ್ಲಿ ಅಚ್ಚೊತ್ತಿರುವ ದೊಡ್ಡ ಅಂಕಿಯನ್ನು ಗುರಿಯಾಗಿಟ್ಟುಕೊಳ್ಳುವುದು ಪದೇಪದೇ ಕಾಣುವ ತಪ್ಪು. ಅದು ಟಯರ್ ತಾಳಬಲ್ಲ ಗರಿಷ್ಠ ಮಿತಿ. ನಿಮ್ಮ ಕಾರಿಗೆ ಹೇಳಿದ್ದಲ್ಲ. ಅಷ್ಟು ತುಂಬಿದರೆ ಚಕ್ರ ಹಗುರಾಗಿ ಉರುಳುವುದು ನಿಜ. ಜೊತೆಗೆ ರಸ್ತೆಗೆ ತಾಗುವ ಭಾಗ ಕಿರಿದಾಗುತ್ತದೆ, ಮಳೆಯಲ್ಲಿ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಟಯರ್ ನಡುವೆ ಮಾತ್ರ ಸವೆಯುತ್ತದೆ. ಪಟ್ಟಿಯಲ್ಲಿ ಪೂರ್ಣ ಹೊರೆಗೆ ಕೊಟ್ಟಿರುವ ಅಂಕಿಯೇ ಕೊನೆಯ ಗೆರೆ. ದೂರ ಓಡಿಸಿದ ಮೇಲೆ ಒತ್ತಡ ಏರಿರುವುದನ್ನು ಕಂಡು ಗಾಳಿ ಬಿಡುವುದು ಇದರ ತಿರುಗುಮುರುಗು ತಪ್ಪು. ಬಿಸಿಗೆ ಏರುವುದು ಸಹಜ.

ನೈಟ್ರೋಜನ್ ತುಂಬಿಸಿದರೆ ಗಾಳಿ ಸೋರುವುದು ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಒತ್ತಡ ಒಂದೇ ಇದ್ದರೆ ಇಂಧನದ ಮಟ್ಟಿಗೆ ಎರಡೂ ಒಂದೇ.

ಎಚ್ಚರಿಕೆಯ ಸೂಚನೆ: ನಾಲ್ಕರಲ್ಲಿ ಒಂದೇ ಟಯರ್ ಪ್ರತಿ ಸಲ ಕಡಿಮೆ ತೋರಿಸಿದರೆ ಅದು ಮೊಳೆ, ವಾಲ್ವ್ ಅಥವಾ ರಿಮ್ಮಿನ ಅಂಚು. ತುಂಬಿಸುತ್ತಾ ದಿನ ದೂಡಬೇಡಿ.

## ಹಂತ 3: ಕಾರನ್ನು ಹಿಡಿದೆಳೆಯುವುದು ಏನು?

ಬ್ರೇಕ್ ಹಿಡಿದುಕೊಂಡಿದೆಯೇ ಎಂದು ನೋಡುವುದಕ್ಕೆ ಎರಡು ಪರೀಕ್ಷೆಗಳಿವೆ.

1. ಸಮತಟ್ಟಾದ, ವಾಹನಗಳಿಲ್ಲದ ಜಾಗದಲ್ಲಿ ಒಬ್ಬರು ಚಾಲಕನ ಸೀಟಿನಲ್ಲಿ ಕೂರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗೆ. ಇನ್ನೊಬ್ಬರು ಹಿಂದಿನಿಂದ ತಳ್ಳಲಿ. ಟಯರ್ ಸರಿಯಾಗಿದ್ದರೆ ಒಂದು ಟನ್ ಕಾರನ್ನು ಉರುಳಿಸುತ್ತಲೇ ಇರಲು 10–15 ಕೆ.ಜಿ. ಬಲ ಸಾಕು. ಮೊದಲು ಅಲುಗಿಸಲು ಸ್ವಲ್ಪ ಹೆಚ್ಚು ಬೇಕು, ಆಮೇಲೆ ತಾನಾಗಿ ಸಾಗಬೇಕು. ತಳ್ಳುವುದು ಬಿಟ್ಟ ಕೂಡಲೇ ನಿಂತರೆ ಅನುಮಾನಪಡಿ.

2. ಸಾಮಾನ್ಯ ಓಟದ ನಂತರ, ಕೊನೆಯ ಭಾಗದಲ್ಲಿ ಬ್ರೇಕ್ ಹೆಚ್ಚು ತುಳಿಯದೆ ಬಂದು ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿ. ಮುಟ್ಟಬೇಡಿ, ಚರ್ಮ ಸುಡಬಹುದು. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ. ಎಡ ಮತ್ತು ಬಲದ ನಡುವೆ ವ್ಯತ್ಯಾಸ ಕಂಡರೆ ಹೆಚ್ಚು ಬಿಸಿಯಿರುವ ಚಕ್ರದ ಬ್ರೇಕ್ ಬಿಡುತ್ತಿಲ್ಲ.

ಸುಟ್ಟ ವಾಸನೆ, ಒಂದೇ ಚಕ್ರದ ಮೇಲೆ ಕಪ್ಪು ಪುಡಿ, ಸ್ಟೀರಿಂಗ್ ಒಂದು ಕಡೆ ಎಳೆಯುವುದು ಇವೂ ಇದೇ ಕಥೆ ಹೇಳುತ್ತವೆ. ಇದು ಇಂಧನಕ್ಕಿಂತ ಮೊದಲು ಜೀವದ ವಿಷಯ. ಬಿಚ್ಚಿ ಸರಿಮಾಡಿಸಿದ ಮೇಲೆಯೇ ಮುಂದಿನ ಹಂತ. ಬ್ರೇಕ್ ಸರಿಯಿದ್ದೂ ಕಾರು ಒಂದು ಕಡೆಗೆ ಎಳೆದರೆ, ಟಯರಿನ ಒಂದು ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ನೋಡಿಸಿ.

ಆಮೇಲೆ ಹೊರೆ. ಡಿಕ್ಕಿಯಲ್ಲಿ ಮರೆತ ಸಾಮಾನು ತೆಗೆಯಿರಿ. 45 ಕೆ.ಜಿ. ಹೆಚ್ಚಾದರೆ ಸುಮಾರು ಶೇ 1 ಮೈಲೇಜ್ ಇಳಿಯುತ್ತದೆ; ಕಾರು ಸಣ್ಣದಾದಷ್ಟೂ ಪೆಟ್ಟು ಹೆಚ್ಚು. ಸ್ಟೆಪ್ನಿ ಮತ್ತು ಜ್ಯಾಕ್ ತೆಗೆದು ಮನೆಯಲ್ಲಿಡುವ ಜಾಣತನ ಬೇಡ. ಮೇಲಿನ ಕ್ಯಾರಿಯರ್ ಬಳಸದಿದ್ದರೆ ಬಿಚ್ಚಿಡಿ.

## ಹಂತ 4: ಎಂಜಿನ್ ಸುಳಿವುಗಳು

ಇಲ್ಲಿ ಜನ ದುಡ್ಡು ಕಳೆದುಕೊಳ್ಳುತ್ತಾರೆ, ಏಕೆಂದರೆ ಏನು ಬದಲಿಸಿದರೂ ಏನೋ ಮಾಡಿದ ತೃಪ್ತಿ ಸಿಗುತ್ತದೆ. ಲಕ್ಷಣವಿಲ್ಲದೆ ಭಾಗ ಬದಲಿಸಬೇಡಿ.

ಎಂಜಿನ್ ದೀಪ ಉರಿಯುತ್ತಿದ್ದರೆ ಕೋಡ್ ಓದಿಸಿ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರ್ ಕೆಟ್ಟರೆ ಎಂಜಿನ್ ಬೇಕಿಲ್ಲದಷ್ಟು ಪೆಟ್ರೋಲ್ ಸುರಿಯತೊಡಗುತ್ತದೆ. ಈ ಪಟ್ಟಿಯಲ್ಲಿ ಮೈಲೇಜನ್ನು ಒಮ್ಮೆಗೇ ಬೀಳಿಸಬಲ್ಲ ದೋಷವೆಂದರೆ ಇದೇ. ಸೈಲೆನ್ಸರ್ ಬಾಯಲ್ಲಿ ಕಪ್ಪು ಮಸಿ, ಹೊಗೆಯಲ್ಲಿ ಹಸಿ ಪೆಟ್ರೋಲಿನ ವಾಸನೆ ಅದರ ಗುರುತು. ದೀಪ ಮಿನುಗುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಎಂದರ್ಥ. ಸುಡದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡುತ್ತದೆ. ಹಾಗೆಯೇ ಓಡಿಸಬೇಡಿ.

ಎಂಜಿನ್ ತಂಪುಮಾಡುವ ದ್ರವದ (ಕೂಲಂಟ್) ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ಉಳಿದರೆ ಯಾವ ದೀಪವೂ ಉರಿಯದೆ ನಷ್ಟವಾಗುತ್ತಿರಬಹುದು. ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಹಾಗಾಗಿ ತಣ್ಣಗಿರುವಾಗ ಕೊಡುವ ಹೆಚ್ಚುವರಿ ಇಂಧನವನ್ನು ಕೊಡುತ್ತಲೇ ಇರುತ್ತದೆ. ಕಾಲು ಗಂಟೆ ಓಡಿಸಿದರೂ ತಾಪಮಾನದ ಮುಳ್ಳು ಎಂದಿನ ಜಾಗಕ್ಕೆ ಬರದಿದ್ದರೆ, ಎಂಜಿನ್ ತಣ್ಣಗಿದೆ ಎಂದು ತೋರಿಸುವ ನೀಲಿ ದೀಪ ಆರದಿದ್ದರೆ ಅದನ್ನೇ ಮೊದಲು ನೋಡಿಸಿ. ಓಬಿಡಿ ಸಾಧನ ಇದ್ದವರು ಕೂಲಂಟ್ ತಾಪಮಾನ ನೋಡಬಹುದು. ಬಿಸಿಯಾದ ಎಂಜಿನ್ ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುತ್ತದೆ.

ಕ್ಲಚ್ ಜಾರುತ್ತಿದೆಯೇ ತಿಳಿಯಲು, ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಸಾಗುವಾಗ ಆಕ್ಸಿಲರೇಟರ್ ಚೆನ್ನಾಗಿ ಒತ್ತಿ. ಎಂಜಿನ್ ಸದ್ದು ಜಿಗಿದು ಕಾರಿನ ವೇಗ ಮಾತ್ರ ಏರದಿದ್ದರೆ ಕ್ಲಚ್ ಸವೆದಿದೆ.

ಏರ್ ಫಿಲ್ಟರಿನ ವಿಷಯದಲ್ಲಿ ಹಳೆಯ ನಂಬಿಕೆಯೊಂದು ಇನ್ನೂ ಓಡಾಡುತ್ತಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಸಾಧನವಾದ ಕಾರ್ಬುರೇಟರ್ ಕಾಲದಲ್ಲಿ ಕಟ್ಟಿಕೊಂಡ ಫಿಲ್ಟರ್ ಪೆಟ್ರೋಲ್ ಹೆಚ್ಚು ಕುಡಿಸುತ್ತಿತ್ತು. ಇಂಜೆಕ್ಷನ್ ಎಂಜಿನ್ನಿನಲ್ಲಿ ಕಂಪ್ಯೂಟರ್ ಬಂದಷ್ಟೇ ಗಾಳಿಗೆ ತಕ್ಕಂತೆ ಇಂಧನ ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗಲೂ ಕೊಳೆಯಾದ ಫಿಲ್ಟರಿನಿಂದ ಕುಗ್ಗಿದ್ದು ಕಾರಿನ ಚುರುಕು, ಮೈಲೇಜ್ ಅಲ್ಲ. ಎಂಜಿನ್ನಿನ ಆರೋಗ್ಯಕ್ಕಾಗಿ ಸಮಯಕ್ಕೆ ಬದಲಿಸಿ, ಮೈಲೇಜ್ ಏರುತ್ತದೆಂದು ಕಾಯಬೇಡಿ. ಆಯಿಲ್ ಮಾತ್ರ ಕೈಪಿಡಿಯಲ್ಲಿರುವ ದರ್ಜೆಯದ್ದೇ ಇರಲಿ. ತೆಳುವಾದ ಆಯಿಲ್ ಕೇಳುವ ಎಂಜಿನ್ನಿಗೆ ಮಂದವಾದದ್ದು ಹಾಕಿದರೆ ಶೇ 1–2 ಅಲ್ಲೇ ಹೋಗುತ್ತದೆ.

## ಹಂತ 5: ಬ್ರೇಕ್ ಪೆಡಲಿನ ಲೆಕ್ಕ

ಕಾರು ಸರಿಯಿದೆ ಎಂದು ಖಚಿತವಾದ ಮೇಲೆ ಚಾಲನೆ. ನಗರದಲ್ಲಿ ಇಂಧನ ಉಳಿಯುವುದು ಹೆಚ್ಚಾಗಿ ಇಲ್ಲಿಯೇ, ಅದರಲ್ಲೂ ನಿಮ್ಮ ಬಲಗಾಲು ಬ್ರೇಕಿನ ಮೇಲೆ ಎಷ್ಟು ಸಲ ಹೋಗುತ್ತದೆ ಎನ್ನುವುದರಲ್ಲಿ.

ಲೆಕ್ಕ ನೋಡಿ. ಒಂದು ಟನ್ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 96 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೂಲ್ ಇದೆ, ಆದರೆ ನಗರದ ಓಟದಲ್ಲಿ ಚಕ್ರಕ್ಕೆ ತಲುಪುವುದು ಅದರ ಐದನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಅಂದರೆ ಕಾರನ್ನು 50ಕ್ಕೆ ಏರಿಸಲು ಸುಮಾರು 15 ಮಿಲಿ ಪೆಟ್ರೋಲ್ ಬೇಕು. ಬ್ರೇಕ್ ತುಳಿದು ನಿಲ್ಲಿಸಿದರೆ ಆ 15 ಮಿಲಿ ಬ್ರೇಕಿನ ಬಿಸಿಯಾಗಿ ಹೋಯಿತು. ಐನೂರು ಮೀಟರಿಗೊಂದು ಸಿಗ್ನಲ್ ಇದ್ದು, ಪ್ರತಿ ಬಾರಿಯೂ 50ಕ್ಕೆ ಏರಿಸಿ ನಿಲ್ಲಿಸುವವರು ಕಿಲೋಮೀಟರಿಗೆ 30 ಮಿಲಿಯನ್ನು ಹೀಗೇ ಸುಡುತ್ತಾರೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿನ ಒಟ್ಟು ಬಳಕೆ ಕಿಲೋಮೀಟರಿಗೆ 67 ಮಿಲಿ. ಹೆಚ್ಚುಕಡಿಮೆ ಅರ್ಧ!

ಶಕ್ತಿ ವೇಗದ ವರ್ಗದಂತೆ ಏರುವುದರಿಂದ, ಅದೇ ಅಂತರದಲ್ಲಿ 30ಕ್ಕೆ ಮಾತ್ರ ಏರಿದವರು ನಿಲುಗಡೆಗೆ 5–6 ಮಿಲಿ ಕಳೆಯುತ್ತಾರೆ. ಮುಂದಿನ ಸಿಗ್ನಲಿನಲ್ಲಿ ಇಬ್ಬರೂ ಅಕ್ಕಪಕ್ಕದಲ್ಲೇ ನಿಂತಿರುತ್ತಾರೆ.

ಅಭ್ಯಾಸದ ಕ್ರಮ ಹೀಗಿರಲಿ:

1. ಮೊದಲ ಕೆಲವು ದಿನ ಕಣ್ಣಿಗೆ ಮಾತ್ರ ಕೆಲಸ ಕೊಡಿ. ಮುಂದಿನ ಕಾರಿನ ಬೆನ್ನು ನೋಡುವ ಬದಲು ಅದರಾಚೆಯ ಮೂರು ನಾಲ್ಕು ವಾಹನಗಳ ಬ್ರೇಕ್ ದೀಪ, ಸಿಗ್ನಲಿನ ಬಣ್ಣ, ತಿರುವಿನಲ್ಲಿ ಸೇರುವವರನ್ನು ನೋಡಿ. ಕಾಲನ್ನು ಬದಲಿಸಲು ಹೋಗಬೇಡಿ. ಕಣ್ಣು ಮುಂದೆ ಹೋದರೆ ಕಾಲು ಹಿಂಬಾಲಿಸುತ್ತದೆ.

2. ಮುಂದಿನ ವಾಹನದೊಂದಿಗೆ ಎರಡು ಮೂರು ಸೆಕೆಂಡಿನ ಅಂತರ ಇಡಿ. ಯಾರಾದರೂ ಆ ಜಾಗಕ್ಕೆ ನುಗ್ಗುತ್ತಾರೆ, ನುಗ್ಗಲಿ. ಅವರ ಮೇಲಿನ ಸಿಟ್ಟಿಗೆ ಅಂತರ ಮುಚ್ಚಿದರೆ ಬ್ರೇಕ್ ತುಳಿಯುವ ಸರದಿ ನಿಮ್ಮದು.

3. ನಿಲ್ಲಲೇಬೇಕೆಂದು ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆಯಿರಿ, ಗೇರ್ ಹಾಗೆಯೇ ಇರಲಿ. ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಹೀಗೆ ಉರುಳುವಾಗ, ಎಂಜಿನ್ ವೇಗ ನಿಮಿಷಕ್ಕೆ ಸುಮಾರು 1,200–1,500 ಸುತ್ತಿನ ಮೇಲಿದ್ದರೆ, ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತವೆ. ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ. ಎಂಜಿನ್ ವೇಗ 1,000ದ ಹತ್ತಿರ ಇಳಿದು ನಡುಕ ಶುರುವಾಗುವ ಮೊದಲು ಕ್ಲಚ್ ಒತ್ತಿ, ಉಳಿದದ್ದನ್ನು ಬ್ರೇಕಿನಿಂದ ಮುಗಿಸಿ.

4. ಸಿಗ್ನಲ್ ಕೆಂಪಿದ್ದು ಹಸಿರಾಗುವ ಹೊತ್ತು ಹತ್ತಿರವಿದ್ದರೆ ನಿಧಾನವಾಗಿ ತಲುಪಿ. ಪೂರ್ತಿ ನಿಲ್ಲದೆ ಗಂಟೆಗೆ 20 ಕಿ.ಮೀ. ಉಳಿಸಿಕೊಂಡರೂ, 40ಕ್ಕೆ ಏರಲು ಬೇಕಾದ ಶಕ್ತಿಯ ಕಾಲುಭಾಗ ನಿಮ್ಮ ಬಳಿಯೇ ಇರುತ್ತದೆ. ಮೊದಲ ಗೇರಿನಲ್ಲಿ ಹೊರಡುವ ಕ್ಲಚ್ ಸವೆತವೂ ತಪ್ಪುತ್ತದೆ.

5. ಆಮೆಗತಿಯ ದಟ್ಟಣೆಯಲ್ಲಿ ಮುಂದಿನವರು ಅಡಿ ಅಡಿ ಸರಿದಾಗಲೆಲ್ಲ ಸರಿಯಬೇಡಿ. ಒಂದೆರಡು ಕಾರಿನಷ್ಟು ಜಾಗ ಆಗಲಿ, ಆಮೇಲೆ ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಉರುಳಿಸಿ. ಹೆಚ್ಚಿನ ಕಾರುಗಳು ಹೀಗೆ ತಮ್ಮಷ್ಟಕ್ಕೆ ಸಾಗುತ್ತವೆ.

ನ್ಯೂಟ್ರಲಿಗೆ ಹಾಕಿ ಇಳಿಜಾರಿನಲ್ಲಿ ಜಾರಿಸುವುದು ಬಹಳ ಹಳೆಯ ಅಭ್ಯಾಸ. ಆಗ ಎಂಜಿನ್ ಆರದಿರಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ, ಗೇರಿನಲ್ಲಿದ್ದರೆ ಅದೂ ಬೇಡ. ಜೊತೆಗೆ ಎಂಜಿನ್ ತಡೆ ಇಲ್ಲದೆ ಬ್ರೇಕ್ ಬಿಸಿಯಾಗುತ್ತದೆ. ಓಡುತ್ತಿರುವ ಕಾರಿನಲ್ಲಿ ಕೀಲಿ ಆರಿಸುವುದಂತೂ ಯಾವ ಕಾರಣಕ್ಕೂ ಬೇಡ: ಬ್ರೇಕಿನ ನಿರ್ವಾತ ನೆರವು ಒಂದೆರಡು ತುಳಿತಕ್ಕೆ ಮುಗಿಯುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಬೀಗವೂ ಬೀಳಬಹುದು.

ಎಚ್ಚರಿಕೆಯ ಸೂಚನೆ: ಹಿಂದಿನವರು ಪದೇಪದೇ ಹಾರ್ನ್ ಹೊಡೆಯುತ್ತಿದ್ದರೆ, ಅಪಾಯಕರವಾಗಿ ನಿಮ್ಮನ್ನು ದಾಟುತ್ತಿದ್ದರೆ ನೀವು ಅತಿಮಾಡುತ್ತಿದ್ದೀರಿ. ರಸ್ತೆಯ ಹರಿವಿನೊಂದಿಗೆ ಸಾಗಿ.

## ಹಂತ 6: ಹೊರಡುವುದು, ಗೇರ್ ಏರಿಸುವುದು

ಮೊಟ್ಟೆಯ ಮೇಲೆ ಕಾಲಿಟ್ಟಂತೆ ನಿಧಾನವಾಗಿ ವೇಗ ಏರಿಸಬೇಕೆಂಬ ಸಲಹೆ ಅರ್ಧ ಮಾತ್ರ ಸರಿ. ತೀರಾ ನಿಧಾನವಾಗಿ ಏರಿಸಿದರೆ ಕೆಳಗಿನ ಗೇರುಗಳಲ್ಲೇ ಹೆಚ್ಚು ಹೊತ್ತು ಕಳೆಯುತ್ತೀರಿ. ಪೆಟ್ರೋಲ್ ಎಂಜಿನ್ ದಕ್ಷವಾಗಿರುವುದು ಕಡಿಮೆ ಸುತ್ತು ಮತ್ತು ಮಧ್ಯಮ ಹೊರೆಯಲ್ಲಿ.

1. ಮೊದಲ ಗೇರ್ ಹೊರಡಲಿಕ್ಕೆ ಮಾತ್ರ. ಕಾರು ಉರುಳಿದ ಕೂಡಲೇ ಎರಡು.

2. ಪೆಡಲನ್ನು ಅರ್ಧದ ಒಳಗೆ ದೃಢವಾಗಿ ಒತ್ತಿ, 2,000ದಿಂದ 2,500 ಸುತ್ತಿನ ಒಳಗೆ ಮುಂದಿನ ಗೇರ್. ಡೀಸೆಲಿಗೆ 1,500–2,000.

3. ಬೇಕಾದ ವೇಗ ತಲುಪಿದ ಮೇಲೆ ಕಾಲು ಸಡಿಲಿಸಿ, ಹಿಡಿದಿಡಲು ಬೇಕಾದಷ್ಟೇ ಒತ್ತಿ.

ಗೇರ್ ಏರಿಸಿದ ಮೇಲೆ ಕಾರು ನಡುಗಿದರೆ, ಎಂಜಿನ್ನಿನಿಂದ ಕಟಕಟ ಸದ್ದು ಬಂದರೆ ಅವಸರವಾಯಿತು. ಕೆಳಗಿನ ಗೇರಿಗೆ ಬನ್ನಿ. ಟರ್ಬೊ ಇರುವ ಸಣ್ಣ ಎಂಜಿನ್ನುಗಳಲ್ಲಿ ಪೆಡಲನ್ನು ತಳಕ್ಕೊತ್ತುವುದು ವಿಶೇಷವಾಗಿ ದುಬಾರಿ. ಆಟೊಮ್ಯಾಟಿಕ್ ಅಥವಾ ಎಎಂಟಿ (ಕ್ಲಚ್ ಮತ್ತು ಗೇರಿನ ಕೆಲಸವನ್ನು ಕಾರೇ ಮಾಡುವ ವ್ಯವಸ್ಥೆ) ಇರುವವರು ಗೇರ್ ಏರಬೇಕೆಂದಾಗ ಕಾಲನ್ನು ಒಂದು ಕ್ಷಣ ಸಡಿಲಿಸಿದರೆ ಸಾಕು. ಏರಿನಲ್ಲಿ ಕಾರನ್ನು ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸಬೇಡಿ. ಹ್ಯಾಂಡ್‌ಬ್ರೇಕ್ ಅದಕ್ಕೇ ಇದೆ.

## ಹಂತ 7: ನಿಂತಿರುವಾಗ

ನಿಮಿಷಕ್ಕೆ 10 ಮಿಲಿಯ ಲೆಕ್ಕದಲ್ಲಿ ಒಂದೂವರೆ ನಿಮಿಷದ ಸಿಗ್ನಲ್ ಅಂದರೆ 15 ಮಿಲಿ. 50ರಿಂದ ಬ್ರೇಕ್ ತುಳಿದು ನಿಲ್ಲಿಸಿದಷ್ಟೇ ನಷ್ಟ. ಎ.ಸಿ. ಇದ್ದರೆ ಇನ್ನೂ ಹೆಚ್ಚು. ಬಿಸಿಯಾದ ಇಂಜೆಕ್ಷನ್ ಎಂಜಿನ್ ಮತ್ತೆ ಚಾಲೂ ಆಗಲು ಬೇಕಾದ ಇಂಧನ, ಸುಮಾರು ಹತ್ತು ಸೆಕೆಂಡು ಸುಮ್ಮನೆ ಓಡಿದಷ್ಟು. ಕಾರಿನಲ್ಲಿ ತಾನಾಗಿ ನಿಂತು ಚಾಲೂ ಆಗುವ ವ್ಯವಸ್ಥೆ ಇದ್ದರೆ ಅದನ್ನು ಆರಿಸಿಡಬೇಡಿ. ಇಲ್ಲದ ಕಾರಿನಲ್ಲಿ ಸ್ಟಾರ್ಟರ್ ಮತ್ತು ಬ್ಯಾಟರಿಯ ಬಾಳಿಕೆಯನ್ನೂ ನೋಡಬೇಕಾದ್ದರಿಂದ, ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಖಚಿತವಿದ್ದಾಗ ಮಾತ್ರ ಆರಿಸಿ.

ಸಾಲಿನ ಮುಂಚೂಣಿಯಲ್ಲಿದ್ದಾಗ, ಏರಿನಲ್ಲಿ, ರೈಲ್ವೆ ಹಳಿಯ ಮೇಲೆ ಅಥವಾ ಅದರ ಹತ್ತಿರ ಇದನ್ನು ಮಾಡಬೇಡಿ. ಚಾಲೂ ಮಾಡುವಾಗ ಸ್ಟಾರ್ಟರ್ ಎಳೆಯುವಂತೆ ಕೇಳಿಸಿದರೆ ಬ್ಯಾಟರಿ ಸೋತಿದೆ; ಅದು ಸರಿಯಾಗುವವರೆಗೆ ಈ ಹಂತವನ್ನು ಬಿಟ್ಟುಬಿಡಿ.

## ಹಂತ 8: ಎ.ಸಿ.

ಬಿಸಿಲಿನಲ್ಲಿ ನಿಂತ ಕಾರನ್ನು ಹತ್ತಿದ ಕೂಡಲೇ ಎ.ಸಿ. ಗರಿಷ್ಠಕ್ಕೆ ತಿರುಗಿಸುವುದು ಎಲ್ಲಕ್ಕಿಂತ ಹೆಚ್ಚು ಇಂಧನ ಬೇಡುವ ರೀತಿ. ಬಾಗಿಲು ತೆರೆದು, ಕಿಟಕಿ ಇಳಿಸಿ, ಮೊದಲ ಒಂದೆರಡು ನಿಮಿಷ ಹಾಗೆಯೇ ಓಡಿಸಿ ಬಿಸಿಗಾಳಿ ಹೊರದಬ್ಬಿ. ಆಮೇಲೆ ಕಿಟಕಿ ಮುಚ್ಚಿ ಎ.ಸಿ. ಹಾಕಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿ.

ತಾಪಮಾನವನ್ನು ಅಂಕಿಯಲ್ಲಿ ಹೊಂದಿಸುವ ವ್ಯವಸ್ಥೆಯಿದ್ದರೆ 24–25 ಡಿಗ್ರಿ ಸಾಕು. ಕೈಯಿಂದ ತಿರುಗಿಸುವ ನೀಲಿ–ಕೆಂಪು ಗುಂಡಿಯ ಹಲವು ಸಣ್ಣ ಕಾರುಗಳಲ್ಲಿ ಇದು ನಡೆಯುವುದಿಲ್ಲ. ಗುಂಡಿಯನ್ನು ಕೆಂಪಿನ ಕಡೆ ತಿರುಗಿಸಿದರೆ ತಣ್ಣಗಾದ ಗಾಳಿಗೆ ಹೀಟರಿನ ಬಿಸಿ ಬೆರೆಯುತ್ತದೆಯೇ ಹೊರತು ಕಂಪ್ರೆಸರಿನ ಕೆಲಸ ತಗ್ಗುವುದಿಲ್ಲ. ಅಂಥ ಕಾರಿನಲ್ಲಿ ಗುಂಡಿ ನೀಲಿಯಲ್ಲೇ ಇರಲಿ, ಫ್ಯಾನ್ ಕಡಿಮೆ ಮಾಡಿ, ಸಾಕಷ್ಟು ತಂಪಾದಾಗ ಎ.ಸಿ. ಗುಂಡಿಯನ್ನೇ ಆರಿಸಿ. ಸ್ಥಳ ತಲುಪಲು ಐದು ನಿಮಿಷ ಇರುವಾಗ ಎ.ಸಿ. ಆರಿಸಿ ಫ್ಯಾನ್ ಮಾತ್ರ ಬಿಟ್ಟರೆ ಒಳಗಿನ ತೇವವೂ ಒಣಗಿ ಕೆಟ್ಟ ವಾಸನೆ ತಪ್ಪುತ್ತದೆ.

ನಗರದ ವೇಗದಲ್ಲಿ ಕಿಟಕಿ ತೆರೆದರೆ ಗಾಳಿಯ ತಡೆ ಲೆಕ್ಕಕ್ಕಿಲ್ಲ. ಆದರೆ ಸೆಕೆಯಲ್ಲಿ ಬೆವರಿ, ತಲೆ ಕೆಟ್ಟು ಓಡಿಸುವವರು ಬ್ರೇಕ್ ಹೆಚ್ಚು ತುಳಿಯುತ್ತಾರೆ. ಬೇಕೆನಿಸಿದಾಗ ಹಾಕಿಕೊಳ್ಳಿ.

## ಹಂತ 9: ಓಡಾಟದ ಜೋಡಣೆ

ತಣ್ಣಗಿನ ಎಂಜಿನ್ನಿಗೆ ಹೆಚ್ಚು ಇಂಧನ ಬೇಕು, ಅದು ಪೂರ್ತಿ ಬಿಸಿಯಾಗಲು ಕೆಲವು ಕಿಲೋಮೀಟರ್ ಬೇಕು. ಎರಡು ಕಿಲೋಮೀಟರಿನ ಕೆಲಸಕ್ಕೆ ದಿನಕ್ಕೆ ಮೂರು ಸಲ ಬೇರೆಬೇರೆಯಾಗಿ ಹೊರಟರೆ ಕಾರು ಎಂದೂ ತನ್ನ ನಿಜವಾದ ಮೈಲೇಜ್ ತಲುಪುವುದಿಲ್ಲ. ಕೆಲಸಗಳನ್ನು ಒಂದೇ ಸುತ್ತಿಗೆ ಸೇರಿಸಿ, ದೂರದ್ದನ್ನು ಮೊದಲು ಮುಗಿಸಿ. ಬಿಸಿಯಾದ ಎಂಜಿನ್ನಿನಲ್ಲಿ ಹತ್ತಿರದವು ಸುಲಭವಾಗಿ ಮುಗಿಯುತ್ತವೆ. ಬೆಳಿಗ್ಗೆ ಕಾರನ್ನು ನಿಲ್ಲಿಸಿಟ್ಟೇ ಬಿಸಿಮಾಡುವ ಅಗತ್ಯವಿಲ್ಲ. ಅರ್ಧ ನಿಮಿಷ ಸಾಕು, ಆಮೇಲೆ ಮೆತ್ತಗೆ ಓಡಿಸುತ್ತಾ ಬಿಸಿಯಾಗಲಿ.

## ಕೈಹಾಕಬೇಡದವು

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತಗಳು, ಸಾಕೆಟ್ಟಿಗೆ ಸಿಕ್ಕಿಸುವ ಮಿನುಗುವ ಡಬ್ಬಿಗಳು ಏನೂ ಮಾಡುವುದಿಲ್ಲ. ಕೈಪಿಡಿ ಕೇಳದ ಹೆಚ್ಚಿನ ಆಕ್ಟೇನ್ ಇಂಧನದಿಂದ ಸಾಮಾನ್ಯ ಎಂಜಿನ್ನಿಗೆ ಲಾಭವಿಲ್ಲ. ಮುಂಜಾನೆ ತುಂಬಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆ ಎನ್ನುವವರು, ಅದು ನೆಲದಡಿಯ ಟ್ಯಾಂಕಿನಿಂದ ಬರುತ್ತದೆ ಎಂಬುದನ್ನು ಮರೆತಿರುತ್ತಾರೆ. ಅಲ್ಲಿನ ತಾಪಮಾನ ದಿನವಿಡೀ ಹೆಚ್ಚು ಬದಲಾಗುವುದಿಲ್ಲ. ತೂಕ ಉಳಿಸಲು ಅರ್ಧ ಟ್ಯಾಂಕ್ ಮಾತ್ರ ತುಂಬಿಸುವುದರಿಂದ ಉಳಿಯುವುದು 13 ಕೆ.ಜಿ. ಆಸುಪಾಸು. ಅದನ್ನು ನಿಮ್ಮ ಮೈಲೇಜಿನ ಅಳತೆ ಹಿಡಿಯಲಾರದು.

## ಲೆಕ್ಕ ಏರದಿದ್ದರೆ, ಹಠಾತ್ತನೆ ಬಿದ್ದರೆ

ಎರಡು ಮೂರು ಟ್ಯಾಂಕ್ ಆದ ಮೇಲೂ ಅಂಕಿ ಅಲುಗದಿದ್ದರೆ ಮೊದಲು ಸರಾಸರಿ ವೇಗ ನೋಡಿ. ಅದು ಇಳಿದಿದ್ದೂ ಮೈಲೇಜ್ ಹಾಗೆಯೇ ಉಳಿದಿದ್ದರೆ ನೀವು ಗೆದ್ದಿದ್ದೀರಿ, ಪುಸ್ತಕದಲ್ಲಿ ಕಾಣುತ್ತಿಲ್ಲ ಅಷ್ಟೇ. ವೇಗವೂ ಅದೇ ಇದ್ದರೆ ಮೂರನೇ ಮತ್ತು ನಾಲ್ಕನೇ ಹಂತಕ್ಕೆ ಮರಳಿ; ಹೆಚ್ಚಾಗಿ ಬ್ರೇಕ್ ಅಥವಾ ಥರ್ಮೋಸ್ಟಾಟ್ ಸಿಕ್ಕಿಬೀಳುತ್ತದೆ.

ಚೆನ್ನಾಗಿ ನಡೆಯುತ್ತಿದ್ದ ಮೈಲೇಜ್ ಒಂದೇ ಟ್ಯಾಂಕಿನಲ್ಲಿ ಶೇ 15ರಷ್ಟು ಬಿದ್ದರೆ ಈ ಕ್ರಮದಲ್ಲಿ ಹುಡುಕಿ: ತುಂಬಿಸಿದ ರೀತಿಯಲ್ಲಿ ವ್ಯತ್ಯಾಸವಾಗಿತ್ತೇ, ಟಯರಿನ ಗಾಳಿ, ಚಕ್ರಗಳ ಬಿಸಿ, ಎಂಜಿನ್ ದೀಪ, ಕಾರಿನ ಕೆಳಗೆ ಒದ್ದೆ. ಕೊನೆಯದರ ಜೊತೆ ಪೆಟ್ರೋಲಿನ ವಾಸನೆಯೂ ಇದ್ದರೆ ಕಾರನ್ನು ಚಾಲೂ ಮಾಡಬೇಡಿ, ಹತ್ತಿರ ಬೆಂಕಿ ಹಚ್ಚಲು ಯಾರಿಗೂ ಬಿಡಬೇಡಿ. ನಿಂತಲ್ಲಿಂದಲೇ ಎತ್ತಿಸಿಕೊಂಡು ಮೆಕ್ಯಾನಿಕ್ ಬಳಿಗೆ ಸಾಗಿಸಿ.